ಒಲೆ ಆರಿಸಿದ ಮೇಲಿನ ಎರಡು ನಿಮಿಷ

ರೋಮ್ ನಗರದ ತ್ರಾಸ್ತೆವೆರೆ ಬಡಾವಣೆಯಲ್ಲಿ ಒಂದು ಸಂಜೆ ನಾವು ಹೊಕ್ಕ ಚಿಕ್ಕ ಊಟದ ಮನೆಯಲ್ಲಿ ಖಾಲಿ ಉಳಿದಿದ್ದದ್ದು ಅಡುಗೆಮನೆಯ ಬಾಗಿಲಿಗೆ ನೇರ ಎದುರಾಗಿದ್ದ ಒಂದೇ ಮೇಜು. ಒಳಗಿನ ಬಿಸಿಯೂ ಸದ್ದೂ ಅಲ್ಲಿಗೇ ಬಂದು ಬಡಿಯುತ್ತಿದ್ದುದರಿಂದ ಉಳಿದವರು ಅದನ್ನು ಬಿಟ್ಟಿದ್ದರೆಂದು ಕಾಣುತ್ತದೆ. ನನಗೆ ಮಾತ್ರ ಅದಕ್ಕಿಂತ ಒಳ್ಳೆಯ ಜಾಗ ಆ ಹನ್ನೊಂದು ದಿನಗಳ ಪ್ರವಾಸದಲ್ಲಿ ಮತ್ತೆಲ್ಲೂ ಸಿಗಲಿಲ್ಲ. ಐವತ್ತು ದಾಟಿದಂತೆ ಕಾಣುತ್ತಿದ್ದ ಅಡುಗೆಯಾಕೆ ಕುದಿಯುವ ಎಸರಿನಿಂದ ಪಾಸ್ತಾದ ಎಳೆಗಳನ್ನು ಇಕ್ಕಳದಲ್ಲಿ ಎತ್ತಿ ಬಾಣಲೆಗೆ ಹಾಕಿದರು, ಒಂದು ಸೌಟು ಎಸರು ಸುರಿದರು, ಸ್ವಲ್ಪ ಹೊತ್ತು ಕುದಿಸಿ ಒಲೆ ಆರಿಸಿದರು. ಅಲ್ಲಿಗೆ ಮುಗಿಯಿತೆಂದು ನಾನು ಎಣಿಸಿದ್ದೆ. ಆದರೆ ಅಸಲು ಕೆಲಸ ಶುರುವಾದದ್ದೇ ಆಗ. ಆಕೆ ತುಸು ಕಾದರು. ಅನಂತರ ಬಟ್ಟಲಲ್ಲಿ ಕಲಸಿಟ್ಟಿದ್ದ ಚೀಸಿನ ಗಟ್ಟಿ ಲೇಪವನ್ನು ಸೇರಿಸಿ, ಎಡಗೈಯಲ್ಲಿ ಬಾಣಲೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತ, ಬಲಗೈಯ ಇಕ್ಕಳದಿಂದ ಎಳೆಗಳನ್ನು ಸುತ್ತಿಸುತ್ತ ಹೋದರು. ನೀರು ನೀರಾಗಿದ್ದದ್ದು ನನ್ನ ಕಣ್ಣೆದುರೇ ಕೆನೆಯಂತೆ ದಪ್ಪಗಾಗಿ ಎಳೆಎಳೆಗೂ ಹತ್ತಿಕೊಂಡಿತು. ಆ ಬಾಣಲೆಗೆ ಕೆನೆಯನ್ನಾಗಲಿ ಬೆಣ್ಣೆಯನ್ನಾಗಲಿ ಯಾರೂ ಹಾಕಿರಲಿಲ್ಲ.

ಅದು ಕಾಚೊ ಎ ಪೆಪೆ, ಅಂದರೆ ಚೀಸು ಮತ್ತು ಕರಿಮೆಣಸು. ರೋಮಿನ ಅತ್ಯಂತ ಸರಳ ಪಾಸ್ತಾ ಎಂದು ಹೇಳಲಾಗುವ ಈ ಅಡುಗೆಯಲ್ಲಿ ಇರುವುದು ಪಾಸ್ತಾ, ಪೆಕೊರಿನೊ ರೊಮಾನೊ ಎಂಬ ಕುರಿಹಾಲಿನ ಚೀಸು, ಕರಿಮೆಣಸು ಮತ್ತು ಪಾಸ್ತಾ ಬೆಂದ ನೀರು, ಇಷ್ಟೇ. ನಾಲ್ಕೇ ಪದಾರ್ಥಗಳಾದ್ದರಿಂದ ಮನೆಗೆ ಮರಳಿದ ಮೇಲೆ ಮೊದಲು ಇದನ್ನೇ ಮಾಡುವುದೆಂದು ರೈಲಿನಲ್ಲೇ ನಿಶ್ಚಯಿಸಿದ್ದೆ. ಪೆಟ್ಟಿಗೆಯಲ್ಲಿ ಚೀಸಿನ ತುಂಡುಗಳು, ಪಾಸ್ತಾದ ಪೊಟ್ಟಣಗಳು, ಒಂದು ಆಲಿವ್ ಎಣ್ಣೆಯ ಡಬ್ಬ, ಒಂದು ಪುಟ್ಟ ಡಬ್ಬಿ ಕೇಸರಿ ಎಲ್ಲವೂ ಬಂದವು. ಸರಕು ತಂದರೆ ರುಚಿಯೂ ಅದರ ಹಿಂದೆಯೇ ಬರುತ್ತದೆ ಎಂಬ ನಂಬಿಕೆ ನನಗಿತ್ತು. ಕಳೆದ ಹಲವು ತಿಂಗಳುಗಳಿಂದ ಈ ಅಡುಗೆಗಳನ್ನು ಮತ್ತೆ ಮತ್ತೆ ಮಾಡಿದ ಮೇಲೆ ನನಗೆ ಮನವರಿಕೆಯಾಗಿರುವುದು ಬೇರೆಯೇ ಸಂಗತಿ: ನಾನು ಅಲ್ಲಿ ಉಂಡು ಮೆಚ್ಚಿದ ಅಡುಗೆಗಳ ಪೈಕಿ ಹೆಚ್ಚಿನವುಗಳ ಗುಟ್ಟು ಒಲೆ ಆರಿಸಿದ ಮೇಲಿನ ಎರಡು ನಿಮಿಷದಲ್ಲಿದೆ. ನೀರು, ಜಿಡ್ಡು ಮತ್ತು ಪಿಷ್ಟ ಒಂದಕ್ಕೊಂದು ಬೆಸೆದುಕೊಳ್ಳುವುದು ಆ ಹೊತ್ತಿನಲ್ಲಿ. ಇಟಲಿಯವರು ಅದನ್ನು ಮಾಂತೆಕತೂರಾ ಎನ್ನುತ್ತಾರೆ. ಬೆಣ್ಣೆ ಅಥವಾ ಕೊಬ್ಬು ಎಂಬ ಅರ್ಥದ ಸ್ಪ್ಯಾನಿಷ್ ಪದದಿಂದ ಬಂದ ಮಾತು ಅದು.

ನನ್ನ ಮೊದಲ ಪ್ರಯತ್ನ ಕೆಟ್ಟಿತು. ಚೀಸನ್ನು ತುರಿದು ನೇರವಾಗಿ ಕುದಿಯುತ್ತಿದ್ದ ಬಾಣಲೆಗೆ ಉದುರಿಸಿದೆ. ಅರೆ ನಿಮಿಷದೊಳಗೆ ತುರಿಯೆಲ್ಲ ಒಂದಕ್ಕೊಂದು ಅಂಟಿ, ಬಿಳಿಯ ಗಂಟುಗಳಾಗಿ, ಇಕ್ಕಳದ ತುದಿಗೆ ರಬ್ಬರಿನಂತೆ ಜೋತುಬಿದ್ದಿತು. ಬಾಣಲೆಯ ತಳದಲ್ಲಿ ಎಣ್ಣೆಯ ಚುಕ್ಕೆಗಳು ತೇಲುವ ತೆಳು ನೀರು ನಿಂತಿತು. ಆ ಗಂಟನ್ನು ಬಿಡಿಸಿ ನೋಡಿದಾಗ ಒಳಗೆ ತುರಿಯ ರೂಪವೇ ಉಳಿದಿರಲಿಲ್ಲ, ನೂಲಿನಂತೆ ಎಳೆಯಾಗಿ ಜಗ್ಗುತ್ತಿತ್ತು. ಎರಡನೆಯ ಸಲ ಉರಿ ತಗ್ಗಿಸಿದೆ. ಗಂಟು ಚಿಕ್ಕದಾಯಿತು, ಆದರೆ ಹೋಗಲಿಲ್ಲ. ಮೂರನೆಯ ಸಲ ನೀರು ಹೆಚ್ಚಾಯಿತು. ತುಟ್ಟಿಯ ಚೀಸನ್ನು ಹಾಳು ಮಾಡುತ್ತಿರುವ ಸಂಕಟ ಒಂದು ಕಡೆಗಾದರೆ, ಆ ಅಡುಗೆಯಾಕೆಯ ಕೈ ಏನು ಮಾಡುತ್ತಿತ್ತೆಂಬುದನ್ನು ನಾನು ಕಣ್ಣಾರೆ ನೋಡಿಯೂ ಗ್ರಹಿಸಿರಲಿಲ್ಲವಲ್ಲ ಎಂಬ ಬೇಸರ ಇನ್ನೊಂದು ಕಡೆ.

ಕಾರಣ ತಿಳಿದದ್ದು ಓದಿನಿಂದ. ಇಟಲಿ ಮೂಲದ ಕೆಲವು ಭೌತವಿಜ್ಞಾನಿಗಳು ಇದೇ ಅಡುಗೆಯ ಗಂಟುಗಳನ್ನು ಪ್ರಯೋಗಕ್ಕೆ ಒಡ್ಡಿ, 2025ರಲ್ಲಿ ದ್ರವಗಳ ಭೌತಶಾಸ್ತ್ರದ ಒಂದು ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದೇ ವರ್ಷ ಅವರಿಗೆ ಇಗ್ ನೊಬೆಲ್ ಪ್ರಶಸ್ತಿಯೂ ಬಂತು. ಆ ಪ್ರಶಸ್ತಿ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಸಲ್ಲುವಂಥದ್ದು. ನಾನಂತೂ ನಗದೆ ನೇರವಾಗಿ ಯೋಚನೆಗೇ ಇಳಿದೆ. ಅವರು ತೋರಿಸಿಕೊಟ್ಟದ್ದು ಇಷ್ಟು. ಚೀಸಿನಲ್ಲಿರುವ ಪ್ರೋಟೀನು ಸುಮಾರು 65 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಸುತ್ತ ಸಾಕಷ್ಟು ಪಿಷ್ಟವಿದ್ದರೆ ಅದು ಈ ಹೆಣಿಗೆಯನ್ನು ತಡೆದು ಚೀಸನ್ನು ನೀರಿನಲ್ಲಿ ಸಮನಾಗಿ ಹರಡಿ ಹಿಡಿಯುತ್ತದೆ. ಪಿಷ್ಟದ ಪ್ರಮಾಣ ಚೀಸಿನ ತೂಕದ ಶೇಕಡಾ 1ಕ್ಕಿಂತ ಕಡಿಮೆಯಾದರೆ ಗಂಟು ಖಚಿತ, 4ನ್ನು ಮೀರಿದರೆ ತಣಿದಾಗ ಸಾರು ಬಿರುಸಾಗುತ್ತದೆ, 2ರಿಂದ 3 ಇದ್ದರೆ ಹದ. ಮನೆಯ ದೊಡ್ಡ ಪಾತ್ರೆಯಲ್ಲಿ ಒಂದು ಹಿಡಿ ಪಾಸ್ತಾ ಬೇಯಿಸಿದ ನೀರಿನಲ್ಲಿ ಅಷ್ಟು ಪಿಷ್ಟ ಇರುವುದಿಲ್ಲ. ದಿನವಿಡೀ ಒಂದೇ ಎಸರಿನಲ್ಲಿ ಪಾಸ್ತಾ ಬೇಯಿಸುತ್ತಲೇ ಇರುವ ಊಟದ ಮನೆಯ ನೀರು ಸಂಜೆಯ ಹೊತ್ತಿಗೆ ಗಂಜಿಯಂತೆ ಮಬ್ಬಾಗಿರುತ್ತದೆ. ಆ ತ್ರಾಸ್ತೆವೆರೆಯ ಸೌಟಿನಿಂದ ಇಳಿದ ನೀರು ಬೆಳ್ಳಗಿದ್ದುದು ನನಗೆ ಥಟ್ಟನೆ ನೆನಪಾದದ್ದು ಇದನ್ನು ಓದಿದಾಗಲೇ.

ಈಗ ಇಬ್ಬರಿಗಾಗುವಷ್ಟು ಮಾಡುವಾಗ ನಾನು ಅನುಸರಿಸುವ ಕ್ರಮ ಹೀಗಿದೆ. 160 ಗ್ರಾಂ ಸ್ಪಗೆಟಿಗೆ 80 ಗ್ರಾಂ ಪೆಕೊರಿನೊವನ್ನು ಹಿಟ್ಟಿನಷ್ಟು ನುಣ್ಣಗೆ ತುರಿದುಕೊಳ್ಳುತ್ತೇನೆ. 2 ಗ್ರಾಂ ಮೆಕ್ಕೆಜೋಳದ ಪಿಷ್ಟವನ್ನು 20 ಮಿಲಿಲೀಟರ್ ನೀರಿನಲ್ಲಿ ಕದಡಿ, ಸಣ್ಣ ಉರಿಯ ಮೇಲೆ ಅದು ಅಂಟಿನಂತೆ ಗಟ್ಟಿಯಾಗಿ ಪಾರದರ್ಶಕವಾಗುವವರೆಗೆ ಕಲಕಿ, ಪೂರ್ತಿ ತಣಿಸಿ, ಅದಕ್ಕೆ ಚೀಸನ್ನು ಸೇರಿಸಿ, ಬೇಕಾದರೆ ಒಂದೆರಡು ಚಮಚ ತಣ್ಣೀರು ಬೆರೆಸಿ ಗಟ್ಟಿ ಲೇಪ ಮಾಡಿಕೊಳ್ಳುತ್ತೇನೆ. ಇಡೀ ಕರಿಮೆಣಸನ್ನು ಒಣ ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದು ಒರಟಾಗಿ ಕುಟ್ಟಿ, ಅದೇ ಬಾಣಲೆಗೆ ಮರಳಿ ಹಾಕಿ, ಒಂದು ಸೌಟು ಎಸರು ಹೊಯ್ಯುತ್ತೇನೆ. ಮೆಣಸಿನ ಖಾರ ನೀರಿಗಿಳಿಯುವುದು ಆಗಲೇ. ಪೊಟ್ಟಣದಲ್ಲಿ ಹೇಳಿರುವುದಕ್ಕಿಂತ ಎರಡು ನಿಮಿಷ ಮೊದಲೇ ಪಾಸ್ತಾವನ್ನು ಎತ್ತಿ ಆ ಮೆಣಸಿನ ನೀರಿನಲ್ಲಿ ಬೇಯುವುದನ್ನು ಮುಗಿಸುತ್ತೇನೆ. ಅನಂತರ ಒಲೆ ಆರಿಸಿ, ನೂರರವರೆಗೆ ನಿಧಾನವಾಗಿ ಎಣಿಸುತ್ತೇನೆ. ಈ ಎಣಿಕೆಯೇ ಅಡುಗೆಯ ಅತಿ ಕಷ್ಟದ ಭಾಗ, ಏಕೆಂದರೆ ಹಸಿದವರು ಮೇಜಿಗೆ ಬಂದು ಕೂತಿರುತ್ತಾರೆ, ಬಾಣಲೆಯಿಂದ ಹಬೆ ಏಳುತ್ತಿರುತ್ತದೆ, ಕೈ ಸುಮ್ಮನಿರಲು ಒಪ್ಪುವುದಿಲ್ಲ. ಎಣಿಕೆ ಮುಗಿದ ಮೇಲೆ ಲೇಪವನ್ನು ಹಾಕಿ ಬಿಡದೆ ಕಲಕಬೇಕು. ಬಾಣಲೆಯನ್ನು ಓರೆ ಮಾಡಿದಾಗ ಸಾರು ಸೋಮಾರಿಯಾಗಿ ಜಾರಿ ಬಂದರೆ ಹದ ಬಂತೆಂದು ತಿಳಿಯಬಹುದು. ಬಡಿಸುವ ತಟ್ಟೆ ಬೆಚ್ಚಗಿರಲಿ. ತಣ್ಣನೆಯ ತಟ್ಟೆಗೆ ಬಿದ್ದ ಕೂಡಲೇ ಅದು ಬಿಗಿಯುತ್ತದೆ.

ಪಿಷ್ಟವನ್ನು ಬೇರೆಯಾಗಿ ಬೆರೆಸುವುದು ಸರಿಯೇ ಎಂದು ಕೇಳುವವರಿರಬಹುದು. ಆ ಅಡುಗೆಯಾಕೆಗೆ ಅದು ಬೇಕಿರಲಿಲ್ಲ; ಅವರ ಎಸರು ಮತ್ತು ಅವರ ವರ್ಷಗಳ ಕೈಪಳಗು ಆ ಕೆಲಸ ಮಾಡುತ್ತಿದ್ದವು. ನನ್ನ ಬಳಿ ಎರಡೂ ಇಲ್ಲದಿರುವುದರಿಂದ ಅವರ ನೀರಿನಲ್ಲಿದ್ದದ್ದನ್ನು ನನ್ನ ನೀರಿಗೆ ಕೊಡುತ್ತಿದ್ದೇನೆ, ಅಷ್ಟೇ. ಕೆನೆ ಹಾಕಿ ಸುಲಭ ಮಾಡಿಕೊಳ್ಳುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕ ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ಕೆನೆ ಪೆಕೊರಿನೊದ ಉಪ್ಪುಪ್ಪಾದ ತೀಕ್ಷ್ಣತೆಯನ್ನು ಮಂಕು ಮಾಡುತ್ತದೆ. ಇನ್ನು ಚೀಸಿನ ಬಗ್ಗೆ ಒಂದು ಮಾತು: ಹೆಸರಿನಲ್ಲಿ ರೋಮ್ ಇದ್ದರೂ ಪೆಕೊರಿನೊ ರೊಮಾನೊದ ಬಹುಪಾಲು ತಯಾರಾಗುವುದು ಸಾರ್ಡಿನಿಯಾ ದ್ವೀಪದಲ್ಲಿ. ಅದು ಸಾಕಷ್ಟು ಉಪ್ಪಿನ ಚೀಸಾದ್ದರಿಂದ ಈ ಅಡುಗೆಗೆ ಮಾತ್ರ ಎಸರಿನ ಉಪ್ಪನ್ನು ಅರ್ಧಕ್ಕೆ ಇಳಿಸುತ್ತೇನೆ. ಉಳಿದಂತೆ ಇಟಲಿಯ ಮನೆಗಳಲ್ಲಿ ಬಾಯಿಪಾಠವಾಗಿರುವ ಲೆಕ್ಕವೇ ನನ್ನದೂ: 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು.

ಪಾಸ್ತಾವನ್ನು ಆರಿಸುವಾಗಲೂ ಇದೇ ಬೆಸುಗೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ನೇಪಲ್ಸಿನ ದಕ್ಷಿಣಕ್ಕೆ ಲತ್ತಾರಿ ಬೆಟ್ಟಗಳ ಬುಡದಲ್ಲಿರುವ ಗ್ರಾನ್ಯಾನೊ ಊರು ಒಣ ಪಾಸ್ತಾಕ್ಕೆ ಹೆಸರಾದದ್ದು. ಅಲ್ಲಿಯ ಪಾಸ್ತಾಕ್ಕೆ 2013ರಲ್ಲಿ ಯೂರೋಪಿನ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಹಿಟ್ಟನ್ನು ಅಲ್ಲಿ ಕಂಚಿನ ಅಚ್ಚುಗಳ ಮೂಲಕ ಒತ್ತುತ್ತಾರೆ. ಕಂಚಿನ ಅಚ್ಚಿನಿಂದ ಬಂದ ಎಳೆಯನ್ನು ಬೆರಳಿನಿಂದ ಸವರಿದರೆ ಸಣ್ಣ ಮರಳುಕಾಗದದಂತೆ ತರಿತರಿಯಾಗಿರುತ್ತದೆ, ಬೆಳಕಿಗೆ ಹಿಡಿದರೆ ಮಬ್ಬು ಬಿಳುಪಾಗಿ ಕಾಣುತ್ತದೆ. ಟೆಫ್ಲಾನ್ ಅಚ್ಚಿನದು ನುಣುಪಾಗಿ, ಹಳದಿಯಾಗಿ ಹೊಳೆಯುತ್ತದೆ. ತರಿ ಇರುವ ಎಳೆ ನೀರಿಗೆ ಹೆಚ್ಚು ಪಿಷ್ಟ ಬಿಡುತ್ತದೆ, ಸಾರನ್ನೂ ಹಿಡಿದುಕೊಳ್ಳುತ್ತದೆ. ಇಟಲಿಯಲ್ಲಿ ಮಾರಲು ಅಲ್ಲಿಯೇ ತಯಾರಿಸುವ ಒಣ ಪಾಸ್ತಾವನ್ನು ಡ್ಯೂರಮ್ ಎಂಬ ಗಟ್ಟಿ ಗೋಧಿಯಿಂದಲೇ ಮಾಡಬೇಕೆಂಬ ನಿಯಮವನ್ನು 1967ರ ಕಾನೂನು ತಂದಿತು, ಹಾಗಾಗಿ ಅಲ್ಲಿ ಅಗ್ಗದ ಪೊಟ್ಟಣವೂ ಬಾಣಲೆಯಲ್ಲಿ ಮೆತ್ತಗಾಗಿ ಸೋಲುವುದಿಲ್ಲ. ಬೇರೆ ಕಡೆ ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ಓದಿಯೇ ಕೊಳ್ಳಬೇಕು.

ರೋಮಿನಿಂದ ನಾವು ಬೊಲೊನ್ಯಾಕ್ಕೆ ಹೋದೆವು. ಆ ಊರು ತನ್ನ ಅಡುಗೆಯ ಅಳತೆಗಳನ್ನು ದಸ್ತಾವೇಜಿನಂತೆ ಕಾಪಾಡಿಕೊಂಡಿದೆ: 1972ರಲ್ಲಿ ಅಲ್ಲಿಯ ವಾಣಿಜ್ಯ ಮಂಡಳಿಯಲ್ಲಿ ತಾಲ್ಯತೆಲ್ಲೆ ಎಂಬ ಪಟ್ಟಿಯಂಥ ಪಾಸ್ತಾದ ಒಂದು ಎಳೆಯನ್ನು ಚಿನ್ನದಲ್ಲಿ ಮಾಡಿ ಇರಿಸಲಾಯಿತು, ಬೆಂದ ಎಳೆಯ ಅಗಲ 8 ಮಿಲಿಮೀಟರ್, ಅಂದರೆ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೆಯ ಒಂದು ಭಾಗ. 1982ರಲ್ಲಿ ರಾಗು ಎಂಬ ಮಾಂಸದ ಸಾರಿನ ಪಾಕವಿಧಾನವನ್ನೂ ಅಲ್ಲಿಯೇ ನೋಂದಾಯಿಸಿ, 2023ರಲ್ಲಿ ಪರಿಷ್ಕರಿಸಿದರು. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಹಾಕಿ ನಾದಿ, ಉದ್ದದ ಲಟ್ಟಣಿಗೆಯಲ್ಲಿ ಆ ಎಳೆಗಳನ್ನು ಮನೆಯಲ್ಲಿ ನಾಲ್ಕು ಸಲ ಮಾಡಿದ್ದೇನೆ. ಅವು ಚೆನ್ನಾಗಿ ಬಂದವು. ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ತೋಳಿನ ಬಲ ಮತ್ತು ಹಿಟ್ಟಿಗೆ ಅರ್ಧ ಗಂಟೆಯ ವಿಶ್ರಾಂತಿ, ಎರಡೇ ಅಲ್ಲಿ ಬೇಕಾದವು.

ಮಿಲಾನ್‌ನ ರಿಸೊತ್ತೊ ಮಾತ್ರ ನನ್ನನ್ನು ಮತ್ತೆ ಅದೇ ಎರಡು ನಿಮಿಷಕ್ಕೆ ಕರೆತಂದಿತು. ಕೇಸರಿಯ ಬಣ್ಣದಿಂದ ಹೊನ್ನಿನಂತೆ ಹೊಳೆಯುವ ಆ ಅನ್ನವನ್ನು ಅಗಲವಾದ ತಟ್ಟೆಗೆ ಹಾಕಿ ಬಡಿಸಿದವರು ಒಂದು ಸಲ ಮೆಲ್ಲಗೆ ಮೇಜಿಗೆ ತಟ್ಟಿದಾಗ ಅದು ತಾನಾಗಿಯೇ ಅಂಚಿನವರೆಗೂ ಹರಡಿಕೊಂಡಿತು. ಅಲೆಯಂತೆ ಚಲಿಸಬೇಕು ಎಂಬುದಕ್ಕೆ ಅವರು ಆಲ್ಲೊಂದಾ ಎನ್ನುತ್ತಾರೆ. ಇದಕ್ಕೆ ಬಳಸುವ ಕಾರ್ನರೋಲಿ ಅಕ್ಕಿ 1945ರಲ್ಲಿ ರೂಪುಗೊಂಡ ತಳಿ. ಅದರ ಮೇಲ್ಮೈ ಪಿಷ್ಟವನ್ನು ಧಾರಾಳವಾಗಿ ಬಿಡುತ್ತದೆ, ಒಳಗಿನ ತಿರುಳು ಮಾತ್ರ ಅಷ್ಟು ಸುಲಭವಾಗಿ ಕರಗುವುದಿಲ್ಲ. ಆದ್ದರಿಂದ ಈ ಅಕ್ಕಿಯನ್ನು ತೊಳೆಯಕೂಡದು. ತೊಳೆದರೆ ನಮಗೆ ಬೇಕಾದದ್ದೇ ಮೋರಿಗೆ ಹರಿದುಹೋಗುತ್ತದೆ. ಬೆಣ್ಣೆಯಲ್ಲಿ ಈರುಳ್ಳಿಯನ್ನು ಬಣ್ಣ ಬಾರದಂತೆ ಬಾಡಿಸಿ, ಅಕ್ಕಿಯನ್ನು ಮುಟ್ಟಿದರೆ ಬೆರಳಿಗೆ ಸುಡುವಷ್ಟು ಬಿಸಿಯಾಗಿ ಹುರಿದು, ಕುದಿಯುವ ಸಾರನ್ನು ಸೌಟು ಸೌಟಾಗಿ ಹೊಯ್ಯುತ್ತ ಹದಿನಾರು ಹದಿನೇಳು ನಿಮಿಷ ಕಲಕುವುದು ಎಲ್ಲ ಪಾಕಪುಸ್ತಕಗಳಲ್ಲೂ ಇದೆ. ಮಿಲಾನ್‌ನ ಸಂಪ್ರದಾಯದಲ್ಲಿ ಮೂಳೆಯ ಮಜ್ಜೆಯನ್ನೂ ಹಾಕುತ್ತಾರೆ. ನಾನು ಬೆಣ್ಣೆಯಲ್ಲೇ ನಿಲ್ಲಿಸಿದ್ದೇನೆ.

ಆದರೆ ನನ್ನ ಮೊದಲ ಮೂರು ರಿಸೊತ್ತೊಗಳು ಗಟ್ಟಿ ಗುಡ್ಡೆಯಾಗಿ ತಟ್ಟೆಯ ನಡುವೆ ಕೂತವು, ತಟ್ಟಿದರೂ ಅಲುಗಲಿಲ್ಲ. ನಾನು ಅನ್ನ ಹದವಾಗಿ ಗಟ್ಟಿಯಾದ ಮೇಲೆ ಒಲೆ ಆರಿಸುತ್ತಿದ್ದೆ, ತಪ್ಪು ಅಲ್ಲಿತ್ತು. ಇನ್ನೂ ಸ್ವಲ್ಪ ಸಡಿಲವಾಗಿ, ಸಾರು ತುಳುಕುವಂತಿದೆ ಎನ್ನಿಸುವಾಗಲೇ ಉರಿಯಿಂದ ಇಳಿಸಬೇಕು. ಒಂದು ನಿಮಿಷ ಅಲುಗಿಸದೆ ಬಿಡಬೇಕು. ಆಮೇಲೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದ, ಸಣ್ಣ ಚೌಕಗಳಾಗಿ ಕತ್ತರಿಸಿದ ಬೆಣ್ಣೆಯನ್ನೂ ಪಾರ್ಮಿಜಾನೊ ರೆಜ್ಜಾನೊ ಎಂಬ ಗಟ್ಟಿ ಚೀಸಿನ ತುರಿಯನ್ನೂ ಹಾಕಿ ಮರದ ಸೌಟಿನಿಂದ ಜೋರಾಗಿ ಬಡಿಯಬೇಕು. ಬೆಣ್ಣೆ ತಣ್ಣಗಿದ್ದರೆ ನಿಧಾನವಾಗಿ ಕರಗುತ್ತ ಪಿಷ್ಟದ ನೀರಿನೊಳಗೆ ಸಣ್ಣ ಸಣ್ಣ ಹನಿಗಳಾಗಿ ಸೇರಿಹೋಗುತ್ತದೆ. ಕರಗಿಸಿ ಹಾಕಿದರೆ ಮೇಲೆ ಎಣ್ಣೆಯಾಗಿ ತೇಲುತ್ತದೆ. ಒಂದು ಸಲ ಎರಡನ್ನೂ ಪಕ್ಕಪಕ್ಕದಲ್ಲಿ ಮಾಡಿ ನೋಡಿದೆ. ಒಂದೇ ಅಕ್ಕಿ, ಒಂದೇ ಸಾರು, ಒಂದೇ ತೂಕದ ಬೆಣ್ಣೆ. ತಣ್ಣನೆಯ ಬೆಣ್ಣೆಯದು ಮುತ್ತಿನಂತೆ ಮಿರುಗಿತು. ಇನ್ನೊಂದರ ಅಂಚಿನಲ್ಲಿ ಹಳದಿ ಜಿಡ್ಡಿನ ಗೆರೆ ಎದ್ದಿತು.

ಜೆನೋವಾದಲ್ಲಿ ಕಳೆದ ಎರಡು ದಿನಗಳನ್ನು ನಾನು ಎಷ್ಟು ಬರೆದರೂ ಮುಗಿಯುವುದಿಲ್ಲ. ಊರಿನ ಪಶ್ಚಿಮದ ಪ್ರಾ ಎಂಬ ಭಾಗದಲ್ಲಿ ಕಡಲಿಗೆ ಮುಖ ಮಾಡಿದ ಗಾಜಿನ ಮನೆಗಳಲ್ಲಿ ಬೆಳೆಯುವ ತುಳಸಿಯ ಜಾತಿಯ ಗಿಡ, ಅಂದರೆ ಬೇಸಿಲ್, ಅಲ್ಲಿಯ ಪೆಸ್ತೊ ಎಂಬ ಹಸಿರು ಗೊಜ್ಜಿನ ಜೀವ. ಜೆನೋವಾ ಬೇಸಿಲ್‌ಗೆ 2005ರಲ್ಲಿ ಮೂಲಸ್ಥಾನದ ರಕ್ಷಣೆ ಸಿಕ್ಕಿದೆ. ಗಿಡ ಗೇಣುದ್ದ ಬೆಳೆಯುವ ಮುಂಚೆಯೇ ಬೇರು ಸಹಿತ ಕಿತ್ತು ಹೂಗೊಂಚಲಿನಂತೆ ಕಟ್ಟಿ ಮಾರುತ್ತಾರೆ. ಎಲೆ ಎಳೆಯದಾಗಿ, ಚಿಕ್ಕದಾಗಿ, ಬೋರಲು ಚಮಚದಂತೆ ಉಬ್ಬಿರುತ್ತದೆ. ಪೆಸ್ತೊ ಎಂದರೆ ಕುಟ್ಟಿದ್ದು ಎಂದೇ ಅರ್ಥ. ಅಮೃತಶಿಲೆಯ ಒರಳು, ಮರದ ಕುಟ್ಟಣಿಗೆ, ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಕಲ್ಲುಪ್ಪು, ಪಾರ್ಮಿಜಾನೊ, ಸಾರ್ಡಿನಿಯಾದ ಪೆಕೊರಿನೊ, ಜೆನೋವಾ ಇರುವ ಲಿಗೂರಿಯಾ ಪ್ರಾಂತ್ಯದ ಆಲಿವ್ ಎಣ್ಣೆ. ಒಬ್ಬ ಹೆಂಗಸು ಅದನ್ನು ಮಾಡಿ ತೋರಿಸುವಾಗ ನಾನು ಗಮನಿಸಿದ್ದು, ಆಕೆ ಹೆಚ್ಚು ಕುಟ್ಟಲೇ ಇಲ್ಲ. ಕುಟ್ಟಣಿಗೆಯನ್ನು ಒರಳಿನ ಗೋಡೆಗೆ ಒತ್ತಿ ಒಂದು ಕಡೆಗೆ ತಿರುಗಿಸುತ್ತ, ಒರಳನ್ನು ಇನ್ನೊಂದು ಕಡೆಗೆ ಹೊರಳಿಸುತ್ತ, ಎಲೆಯನ್ನು ಉಪ್ಪಿನ ಹರಳುಗಳ ಮೇಲೆ ತೇಯ್ದು ಹರಿದರು.

ಮನೆಯಲ್ಲಿ ಮೊದಲ ಸಲ ಮಿಕ್ಸರಿನಲ್ಲಿ ಅರೆದಾಗ ನನ್ನ ಪೆಸ್ತೊ ಹತ್ತೇ ನಿಮಿಷದಲ್ಲಿ ಕಂದು ಹಸಿರಾಯಿತು, ಬಾಯಿಗೆ ಕಹಿಯಾಯಿತು. ಬ್ಲೇಡಿನ ಓಟದಿಂದ ಎಲೆ ಬಿಸಿಯಾಗುತ್ತದೆ. ಸೀಳಿದ ಕೋಶಗಳೊಳಗಿನ ಕಿಣ್ವಕ್ಕೆ ಗಾಳಿ ತಾಗಿ ಬಣ್ಣ ಕೆಡುತ್ತದೆ. ಒರಳು ಇಲ್ಲದವರು ಜಾರನ್ನೂ ಬ್ಲೇಡನ್ನೂ ಎಣ್ಣೆಯನ್ನೂ ಮುಂಚೆಯೇ ತಣ್ಣಗೆ ಮಾಡಿಟ್ಟುಕೊಂಡು ಎರಡೆರಡು ಸೆಕೆಂಡಿನ ತಿರುವುಗಳಲ್ಲಿ ಮುಗಿಸಿದರೆ ಸಾಕಷ್ಟು ಒಳ್ಳೆಯದೇ ಬರುತ್ತದೆ. ನಾನು ಒರಳನ್ನು ಕೊಂಡೆ, ಅದಕ್ಕಾಗಿ ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ. ಇಲ್ಲಿಯೂ ಉರಿಗೆ ಪ್ರವೇಶವಿಲ್ಲ: ಪೆಸ್ತೊವನ್ನು ಬಿಸಿ ಮಾಡಿದರೆ ಸುವಾಸನೆ ಹಾರಿಹೋಗುತ್ತದೆ. ಆಲೂಗಡ್ಡೆಯ ಚೂರುಗಳನ್ನೂ ಎಳೆಯ ಬೀನ್ಸನ್ನೂ ಪಾಸ್ತಾವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಆ ಮಬ್ಬು ನೀರಿನ ಎರಡು ಚಮಚವನ್ನು ಪೆಸ್ತೊಗೆ ಬೆರೆಸಿ ಸಡಿಲಿಸಿ, ಬಸಿದ ಪಾಸ್ತಾವನ್ನು ಬಟ್ಟಲಲ್ಲೇ ಕಲಸುವುದು ಅಲ್ಲಿಯ ಪದ್ಧತಿ. ಆಲೂಗಡ್ಡೆ ಯಾಕೆ ಎಂದು ಅಲ್ಲಿ ನಾನು ಕೇಳಲಿಲ್ಲ. ಮನೆಯಲ್ಲಿ ಅದನ್ನು ಬಿಟ್ಟು ಮಾಡಿದ ದಿನ ಪೆಸ್ತೊ ಎಳೆಗಳಿಂದ ಜಾರಿ ಎಣ್ಣೆ ಬೇರೆ, ಹಸಿರು ಬೇರೆಯಾಗಿ ತಳದಲ್ಲಿ ನಿಂತಾಗ ಉತ್ತರ ಸಿಕ್ಕಿತು. ಬೆಂದು ಅಂಚು ಕರಗಿದ ಆ ಚೂರುಗಳೇ ಬೆಸೆಯುವ ಪಿಷ್ಟವನ್ನು ಕೊಡುತ್ತಿದ್ದವು.

ಅದೇ ಊರಿನ ಬೆಳಗಿನ ತಿಂಡಿ ಫೊಕಾಚ್ಚಾ. ಕೆಲವರು ಅದನ್ನು ಕಾಪುಚ್ಚಿನೊದಲ್ಲಿ ಅದ್ದಿ ತಿನ್ನುತ್ತಾರೆ; ಉಪ್ಪಿನ ಬ್ರೆಡ್ಡು ಹಾಲಿನ ಕಾಫಿಗೆ ಹೇಗೆ ಹೊಂದೀತೆಂದು ಅನುಮಾನಿಸುತ್ತಲೇ ನಾನೂ ಅದ್ದಿದೆ, ಎರಡನೆಯ ದಿನ ಹುಡುಕಿಕೊಂಡು ಹೋಗಿ ಅದ್ದಿದೆ. ಹುದುಗಿದ ಹಿಟ್ಟನ್ನು ತಟ್ಟೆಯಲ್ಲಿ ಹರಡಿ, ಬೆರಳ ತುದಿಗಳಿಂದ ತಳ ಮುಟ್ಟುವಂತೆ ಗುಳಿ ಒತ್ತಿ, ನೀರು, ಉಪ್ಪು, ಆಲಿವ್ ಎಣ್ಣೆಗಳನ್ನು ಕಲಕಿದ ಸಲಮೋಯಾ ಎಂಬ ದ್ರವವನ್ನು ಮೇಲೆ ಸುರಿಯುತ್ತಾರೆ. ಅಷ್ಟು ನೀರು ಸುರಿಯಲು ನನಗೆ ಮೊದಲು ಧೈರ್ಯವಾಗದೆ ಅರ್ಧವೇ ಹಾಕಿ, ಗಟ್ಟಿ ಬ್ರೆಡ್ಡು ಪಡೆದೆ. ಗುಳಿಗಳಲ್ಲಿ ನಿಂತ ನೀರು ಓವನ್ನಿನಲ್ಲಿ ಆವಿಯಾಗುತ್ತ ಆ ಜಾಗವನ್ನು ಬೆಳ್ಳಗೆ, ಮೆತ್ತಗೆ ಉಳಿಸುತ್ತದೆ. ಸುತ್ತಲಿನ ಉಬ್ಬುಗಳು ಎಣ್ಣೆಯಲ್ಲಿ ಗರಿಯಾಗುತ್ತವೆ. ಈಗ ಹಿಟ್ಟು ಮುಳುಗಿಹೋದಂತೆ ಕಾಣುವಷ್ಟು ಸುರಿಯುತ್ತೇನೆ.

ಪಿಜ್ಜಾದ ಬಗ್ಗೆ ಎಲ್ಲರೂ ಕೇಳುತ್ತಾರೆ. ನೇಪಲ್ಸಿನ ಪಿಜ್ಜಾ ಸುಮಾರು 485 ಡಿಗ್ರಿಯ ಕಟ್ಟಿಗೆಯ ಗೂಡಿನಲ್ಲಿ 60ರಿಂದ 90 ಸೆಕೆಂಡಿನಲ್ಲಿ ಬೇಯುವಂಥದ್ದು. ನನ್ನ ಓವನ್ 250 ಡಿಗ್ರಿಯಲ್ಲಿ ನಿಲ್ಲುತ್ತದೆ. ಅದನ್ನು ಮತ್ತೆ ಅಲ್ಲಿಗೇ ಹೋಗಿ ತಿನ್ನುವುದೆಂದು ಬಿಟ್ಟಿದ್ದೇನೆ.

ಹಾಗೆ ನೋಡಿದರೆ ಈ ವಾರ ನಾನು ಹಿಡಿದಿರುವ ಅಡುಗೆಗೂ ಬಿಸಿಯ ಕೊರತೆಯೇ ಅಡ್ಡಿಯಾಗಬಹುದು. ಅದು ಜೆನೋವಾದ ಫರಿನಾತಾ: ಕಾಬೂಲಿ ಕಡಲೆಯ ಹಿಟ್ಟು, ಅದರ ಮೂರರಷ್ಟು ನೀರು, ಉಪ್ಪು, ಎಣ್ಣೆ. ಅಗಲವಾದ ತಾಮ್ರದ ತಟ್ಟೆಯಲ್ಲಿ ಬೆರಳಿನ ದಪ್ಪವೂ ಇಲ್ಲದಂತೆ ಹರಡಿ ಕಟ್ಟಿಗೆಯ ಗೂಡಿಗೆ ತಳ್ಳುತ್ತಾರೆ. ಮೇಲೆ ಗರಿಗರಿ, ಒಳಗೆ ಕೆನೆಯಂತೆ ಮೆತ್ತಗೆ. ಹಳೆಯ ಊರಿನ ಓಣಿಯೊಂದರಲ್ಲಿ ನಿಂತುಕೊಂಡೇ ಕಾಗದದಲ್ಲಿ ಹಿಡಿದು ತಿಂದ ಆ ತುಂಡಿನ ಮೇಲೆ ಮೆಣಸಿನ ಪುಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಕಳೆದ ಭಾನುವಾರದ್ದು ನಡುವೆ ಹಸಿಯಾಗಿ ಉಳಿಯಿತು, ಎಣ್ಣೆ ಮೇಲೆಯೇ ನಿಂತಿತು. ಈ ಸಲ ಬೀಡುಕಬ್ಬಿಣದ ತವೆಯನ್ನು ಓವನ್ನಿನೊಳಗೇ ಮುಕ್ಕಾಲು ಗಂಟೆ ಕಾಯಿಸಿ, ಎಣ್ಣೆಯನ್ನು ಮೊದಲು ತವೆಗೆ ಹಾಕಿ ಅದರ ಮೇಲೆ ಹಿಟ್ಟು ಹೊಯ್ದು, ಎರಡೂ ಸೇರುವಂತೆ ಒಂದು ಸಲ ಕಲಕಿ ಬಿಡಬೇಕೆಂದಿದ್ದೇನೆ. ಬೆಳಿಗ್ಗೆ ಕದಡಿಟ್ಟ ಹಿಟ್ಟು ಆರು ಗಂಟೆಯಿಂದ ಅಡುಗೆಕಟ್ಟೆಯ ಮೇಲೆ ನೆನೆಯುತ್ತಿದೆ. ಮೇಲೆ ಬಿಳಿಯ ನೊರೆ ಕಟ್ಟಿದೆ. ಅದನ್ನು ಚಮಚದಲ್ಲಿ ತೆಗೆದು ಹಾಕಿ ಒಲೆ ಹಚ್ಚುವ ಹೊತ್ತಾಯಿತು.